ಕ್ಯಾಮೆರಾ ಹಿಡಿದ ಕೈ

ಗುರು ಎಂದರೆ ಗಡ್ಡ, ಜಪಮಾಲೆ, ಕೃಷ್ಣಾಜಿನ ಎಂದುಕೊಂಡವರು ಇಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕು. ಈ ಗುರು ಹೆಂಗಸು, ಕೈಯಲ್ಲಿರುವುದು ಕತ್ತರಿ.

ಹೆಸರು ಡಾಕ್ಟರ್ ಗೌರಾಂಬ. ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮ, ಆಶ್ರಮಕ್ಕೆ ಸೇರಿದ ಸಣ್ಣದೊಂದು ಆಸ್ಪತ್ರೆ. ಅಲ್ಲಿ ಹೊಟ್ಟೆಯ ಆಪರೇಷನ್ ಮಾಡುತ್ತಿದ್ದವರು ಅವರೊಬ್ಬರೇ.

ಅವರ ಶಿಷ್ಯೆ ತಬಸ್ಸುಮ್. ಓದು ಮುಗಿಸಿದ ಡಾಕ್ಟರು, ಗೌರಾಂಬರ ಕೈಕೆಳಗೆ ಪಳಗಬೇಕೆಂದು ಬಂದವಳು. ಬಂದು ಮೂರು ವರ್ಷದ ಹತ್ತಿರ ಆಗಿತ್ತು. ಅಷ್ಟೂ ದಿನ ಅವಳು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ. ಕ್ಯಾಮೆರಾ ಹಿಡಿದು ನಿಲ್ಲುವುದು.

ಈಗೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳುವುದು ಕಡಿಮೆ. ಮೂರು ನಾಲ್ಕು ಸಣ್ಣ ತೂತು ಮಾಡುತ್ತಾರೆ. ಒಂದರಲ್ಲಿ ಕೋಲಿನಂಥ ಕ್ಯಾಮೆರಾ ಇಳಿಸುತ್ತಾರೆ, ಉಳಿದವುಗಳಲ್ಲಿ ಉದ್ದ ಹಿಡಿಯ ಕತ್ತರಿ, ಇಕ್ಕಳ. ಒಳಗಿನದೆಲ್ಲ ಎದುರಿನ ಪರದೆಯ ಮೇಲೆ ಕಾಣುತ್ತದೆ. ಕ್ಯಾಮೆರಾ ಹಿಡಿದವರ ಕೈ ಅಲುಗಿದರೆ ಕುಯ್ಯುವವರಿಗೆ ಕಣ್ಣೇ ಕೆಟ್ಟಂತೆ.

ತಬಸ್ಸುಮ್ ಹಿಡಿದರೆ ಅಲುಗುತ್ತಿರಲಿಲ್ಲ. ಗೌರಾಂಬರ ಕತ್ತರಿಯ ತುದಿ ಎಲ್ಲಿಗೆ ಹೋದರೂ ಪರದೆಯ ನಡುವೆ ಅದೇ ಇರುತ್ತಿತ್ತು. ಆ ಕೋಣೆಯಲ್ಲಿ ಅದೊಂದು ರೂಢಿಯೇ ಆಗಿಹೋಗಿತ್ತು. ಕುಯ್ಯುವವರು ಬಾಯಿಬಿಟ್ಟು ಕೇಳುವುದಿಲ್ಲ, ಹಿಡಿದವರು ಕೇಳುವ ತನಕ ಕಾಯುವುದಿಲ್ಲ.

ಅವಳಿಗೆ ಆ ಬಗ್ಗೆ ಹೆಮ್ಮೆ ಇತ್ತು. ಇರಬೇಕಾದ್ದೇ ಬಿಡಿ.

ಆದರೆ ಒಂದೇ ಒಂದು ಪಿತ್ತಕೋಶವನ್ನೂ ಅವಳು ಮೊದಲಿಂದ ಕೊನೆಯವರೆಗೆ ತಾನೇ ತೆಗೆದಿರಲಿಲ್ಲ. ಇವತ್ತೊಂದು ಹಂತ, ನಾಳೆಯೊಂದು ಹಂತ ಎಂದು ಬಿಡಿಬಿಡಿಯಾಗಿ ಎಲ್ಲವನ್ನೂ ಮಾಡಿದ್ದಳು, ಅಷ್ಟೇ. ಪೂರ್ತಿ ಮಾಡಲು ಅವಳು ಕತ್ತರಿ ಹಿಡಿದರೆ ಕ್ಯಾಮೆರಾ ಹಿಡಿಯುವವರು ಯಾರು? ಇದ್ದ ಒಬ್ಬ ನರ್ಸಿಗೆ ಸಲಕರಣೆ ಕೊಡುವುದರಲ್ಲೇ ಕೈ ತುಂಬಿರುತ್ತಿತ್ತು. ಗೌರಾಂಬರ ಕೈ ಕೆಲಸದಲ್ಲಿರುವಾಗ ಗಟ್ಟಿ, ಏನನ್ನಾದರೂ ಎತ್ತಿ ಹಿಡಿದು ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿಗೇ ನಡುಗುತ್ತಿತ್ತು. ವಯಸ್ಸಾಗಿತ್ತಲ್ಲ.

ಹೊರಗೆ ಹೊಂಗೆಮರದ ಕೆಳಗೆ ಜನ ಕಾಯುತ್ತ ಕೂತಿರುತ್ತಿದ್ದರು. ಪಕ್ಕದಲ್ಲಿ ಎರಡನೆಯ ಆಪರೇಷನ್ ಕೋಣೆ ಇತ್ತು, ಅದಕ್ಕೆ ಬೀಗ. ಇರುವ ಇಬ್ಬರು ಡಾಕ್ಟರೂ ಒಂದೇ ಮೇಜಿಗೆ ಅಂಟಿಕೊಂಡಿದ್ದರೆ ಎರಡನೆಯದನ್ನು ತೆರೆದು ಮಾಡುವುದೇನು? ಅದರೊಳಗೆ ಕಂಬಳಿ, ಮುರಿದ ಮಂಚ ತುಂಬಿಟ್ಟಿದ್ದರು.

ಹೀಗಿರುವಾಗ ಯಂತ್ರದ ಕೈ ಬಂತು.

ಆಶ್ರಮದ ಭಕ್ತರೊಬ್ಬರು ಕೊಡಿಸಿದ್ದು. ಮೇಜಿನ ಪಕ್ಕಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ಕ್ಯಾಮೆರಾ ಹಿಡಿಯುತ್ತದೆ, ಬಾಯಿಮಾತಿಗೆ ಆಡುತ್ತದೆ. ಜೋಡಿಸಲು ಬಂದವನು ಗೌರಾಂಬರ ದನಿಯಲ್ಲಿ ಕೆಲವು ಮಾತು ತುಂಬಿಸಿಕೊಂಡ. ಹತ್ತಿರ, ದೂರ, ಮೇಲೆ, ಕೆಳಗೆ, ಎಡ, ಬಲ, ನಿಲ್ಲು.

"ಇನ್ನು ಇದು ನಿಮ್ಮ ಮಾತು ಮಾತ್ರ ಕೇಳುತ್ತೆ, ಮೇಡಂ. ಬೇರೆಯವರು ಗಂಟಲು ಹರಕೊಂಡರೂ ಕದಲಲ್ಲ" ಎಂದ ಅವನು.

"ದೂರ" ಎಂದರು ಗೌರಾಂಬ. ಕೈ ಮೆಲ್ಲಗೆ ಹಿಂದೆ ಸರಿಯಿತು.

"ನಮ್ಮನೇಲಿ ಯಾರೂ ಇಷ್ಟು ಮಾತು ಕೇಳಿದ್ದಿಲ್ಲ" ಎಂದರು ಗೌರಾಂಬ. ಎಲ್ಲರೂ ನಕ್ಕರು. ತಬಸ್ಸುಮ್‌ಗೆ ನಗು ಬರಲಿಲ್ಲ.

ಆಶ್ರಮದ ಕಾರ್ಯದರ್ಶಿ ಶಿವನಂಜಪ್ಪ ಯಂತ್ರದ ಸುತ್ತ ಒಂದು ಸುತ್ತು ಬಂದರು. ಕೆಟ್ಟ ಮನುಷ್ಯ ಅಲ್ಲ, ಆಸ್ಪತ್ರೆ ಹೇಗೋ ನಡೆದುಕೊಂಡು ಹೋಗಬೇಕಲ್ಲ ಎಂಬ ಚಿಂತೆಯವರು.

"ಡಾಕ್ಟರಮ್ಮ, ಇದು ನೆಟ್ಟಗೆ ಕೆಲಸ ಮಾಡಿದರೆ ಕ್ಯಾಮೆರಾ ಹಿಡಿಯೋಕೆ ಇನ್ನೊಬ್ಬ ಡಾಕ್ಟರು ಬೇಕಾಗಲ್ಲ ಅಲ್ವಾ?"

"ಬೇಕಾಗಲ್ಲ."

"ಹಾಗಾದ್ರೆ ಒಂದು ಜಾಗ ಉಳೀತು. ತಿಂಗಳ ಕೊನೆಗೆ ಕಮಿಟಿ ಸೇರುತ್ತೆ. ಅಲ್ಲಿ ಹೇಳಿಬಿಡ್ತೀನಿ."

ತಬಸ್ಸುಮ್ ಅಲ್ಲೇ ನಿಂತಿದ್ದಳು. ಶಿವನಂಜಪ್ಪ ಅವಳ ಕಡೆ ನೋಡಿ ಕಸಿವಿಸಿಯಿಂದ, "ನಿಮಗೇನಮ್ಮ, ಬೇಕಾದಷ್ಟು ಆಸ್ಪತ್ರೆ ಇವೆ" ಎಂದು ಹೇಳಿ ಹೊರಟುಹೋದರು.

ಗೌರಾಂಬ ಯಂತ್ರದ ಮೇಲೆ ಬಟ್ಟೆ ಹೊದಿಸಿ ರೋಗಿಗಳನ್ನು ನೋಡಲು ಹೋದರು.

ಅವರು ಏನಾದರೂ ಹೇಳುತ್ತಾರೆಂದು ತಬಸ್ಸುಮ್ ಕಾದಳು. ಸಂಜೆಯವರೆಗೂ ಕಾದಳು. ಕೊನೆಗೆ ತಾನೇ ಕೇಳಿದಳು.

"ಅಮ್ಮ, ನಾನು ಇಲ್ಲಿ ಇರ್ತೀನೋ ಇಲ್ವೋ?"

"ಮೊದಲು ನಿನ್ನ ಕೈ ಖಾಲಿ ಆಗಲಿ. ಆಮೇಲೆ ಹೇಳ್ತೀನಿ" ಎಂದರು ಗೌರಾಂಬ.

ಇದೆಂಥ ಉತ್ತರ? ಅವಳಿಗೆ ಅರ್ಥವಾಗಲಿಲ್ಲ, ಸಿಟ್ಟು ಮಾತ್ರ ಬಂತು.

ಮಾರನೆಯ ದಿನ ಯಂತ್ರದ ಪರೀಕ್ಷೆ.

ಮೇಜಿನ ಮೇಲೆ ಹರ್ನಿಯಾದ ರೋಗಿ, ಪೇಟೆಯಿಂದ ಬಂದುಹೋಗುವ ಅರಿವಳಿಕೆ ಡಾಕ್ಟರು ಕೊಟ್ಟ ಮದ್ದಿಗೆ ಆಗಲೇ ನಿದ್ದೆಯಲ್ಲಿದ್ದ. ಗೌರಾಂಬರ ಪಕ್ಕ ಸಿಸ್ಟರ್ ಲೂರ್ದು ಮೇರಿ ಸಲಕರಣೆ ಕೊಡುತ್ತಿದ್ದರು. ಎಂದಿನ ಜಾಗದಲ್ಲಿ ಯಂತ್ರ ನಿಂತಿತ್ತು. ಅದರಾಚೆ ತಬಸ್ಸುಮ್, ಕೈಗವಸು ಹಾಕಿಕೊಂಡು, ಎರಡೂ ಕೈಯನ್ನು ಎದೆಯ ಹತ್ತಿರ ಜೋಡಿಸಿಕೊಂಡು. ಕ್ಯಾಮೆರಾದ ಗಾಜು ಒರೆಸುವುದಷ್ಟೇ ಅವಳ ಪಾಲಿಗೆ ಉಳಿದಿದ್ದ ಕೆಲಸ.

"ಹತ್ತಿರ" ಎಂದರು ಗೌರಾಂಬ. ಯಂತ್ರ ಹತ್ತಿರ ಹೋಯಿತು. "ನಿಲ್ಲು" ಎಂದರು, ನಿಂತಿತು. ಪರದೆಯ ಮೇಲಿನ ಚಿತ್ರ ಗೋಡೆಗೆ ಮೊಳೆ ಹೊಡೆದ ಫೋಟೋ ಥರ ಇತ್ತು.

ತಬಸ್ಸುಮ್‌ಗೆ ಹೊಟ್ಟೆಯುರಿಯಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ. ಒಂದು ಸಲವಾದರೂ ಅದು ತಪ್ಪಲಿ ಎಂದು ಕಾಯುತ್ತಿದ್ದಳು.

ಹೊಟ್ಟೆಯೊಳಗೆ ಬೆಚ್ಚಗಿರುತ್ತದೆ. ಕ್ಯಾಮೆರಾದ ಗಾಜಿಗೆ ಆಗಾಗ ಮಂಜು ಕೂರುತ್ತದೆ. ಆಗ ಕ್ಯಾಮೆರಾ ಹೊರಗೆ ತೆಗೆದು ಬಿಸಿನೀರಲ್ಲಿ ಅದ್ದಿ ಒರೆಸಿ ಮತ್ತೆ ಇಳಿಸಬೇಕು. ಇಷ್ಟು ವರ್ಷ ಅವಳು ಅದನ್ನು ಮಂಜು ಕಾಣಿಸುವ ಮೊದಲೇ ಮಾಡಿಬಿಡುತ್ತಿದ್ದಳು. ಅಂಚು ಮಸುಕಾಗುವುದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು.

ಅವತ್ತೂ ಗೊತ್ತಾಯಿತು. ಅವಳು ಕೈ ಆಡಿಸಲಿಲ್ಲ.

ಪರದೆ ಮಬ್ಬಾಯಿತು. ನಂತರ ಬಿಳುಚಾಯಿತು. ಏನೂ ಕಾಣದಂತಾಯಿತು.

ಗೌರಾಂಬರ ಕತ್ತರಿ ಒಳಗೆ ಎಲ್ಲಿತ್ತೋ ಅಲ್ಲೇ ನಿಂತಿತು.

"ದೊಡ್ಡ ಯಂತ್ರ ಅಲ್ವಾ ಅಮ್ಮ, ಒರೆಸಿಕೊಳ್ಳಲಿ" ಎಂದಳು ತಬಸ್ಸುಮ್.

ಆ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಸಿಸ್ಟರ್ ಲೂರ್ದು ಮೇರಿ ತಲೆಯೆತ್ತಿ ನೋಡಿದರು. ಗೌರಾಂಬ ಮಾತ್ರ ನೋಡಲಿಲ್ಲ. ಕತ್ತರಿ ಹಿಡಿದ ಕೈಯನ್ನು ಅಲುಗಿಸದೆ, ಕಾಣದ ಪರದೆಯನ್ನೇ ನೋಡುತ್ತ ನಿಂತಿದ್ದರು.

ತಬಸ್ಸುಮ್ ಕ್ಯಾಮೆರಾ ಹೊರಗೆ ಎಳೆದಳು. ಬಿಸಿನೀರಲ್ಲಿ ಅದ್ದಿ ಒರೆಸಿ ಮತ್ತೆ ಇಳಿಸಿದಳು. ಕತ್ತರಿಯ ತುದಿ ಕಂಡಿತು. ಅದರ ಪಕ್ಕದಲ್ಲೇ ಒಂದು ರಕ್ತನಾಳ ಮಿಡಿಯುತ್ತಿತ್ತು. ಏನೂ ಆಗಿರಲಿಲ್ಲ.

ಆಪರೇಷನ್ ಮುಗಿಯಿತು, ರೋಗಿ ಎದ್ದ. ಎಲ್ಲ ಸುಸೂತ್ರ.

ಕೈ ತೊಳೆಯುವ ನಲ್ಲಿಯ ಮುಂದೆ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದಾಗ ಗೌರಾಂಬ ಮೆಲ್ಲಗೆ ಹೇಳಿದರು.

"ನಿನಗೆ ಯಂತ್ರದ ಮೇಲೆ ಸಿಟ್ಟು. ಅದು ಸರಿ. ಆದರೆ ಆ ಹೊಟ್ಟೆ ಯಂತ್ರದ್ದಲ್ಲ."

ಬೈದಿದ್ದರೆ ಆಗಿತ್ತು. ಅವರು ಬೈಯಲಿಲ್ಲ. ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತು ಹೊರಗೆ ಹೋದಳು.

ಆ ದಿನ ಅವಳು ಊಟ ಮಾಡಲಿಲ್ಲ. ಕೋಣೆಗೆ ಹೋಗಿ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದಳು. ಕಮಿಟಿ ತನ್ನನ್ನು ಕಳಿಸುವುದಕ್ಕಿಂತ ತಾನೇ ಹೋಗುವುದು ಮೇಲು ಎನ್ನಿಸಿತು. ಮೂರು ವರ್ಷ ಹಿಡಿದು ನಿಂತಿದ್ದೆಲ್ಲ ಒಂದು ಮಾತಿಗೆ ಹೋಯಿತಲ್ಲ ಎಂದು ಅಳುವೂ ಬಂತು. ಅತ್ತಳು. ಮುಖ ತೊಳೆದು ನದಿಯ ಕಡೆ ನಡೆದಳು.

ಗೌರಾಂಬ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಲ್ಲಿ ಇಳಿಬಿಟ್ಟಿದ್ದರು. ಮಂಡಿನೋವಿಗೆ ಅದೊಂದೇ ಔಷಧಿ ಎಂದು ಅವರ ನಂಬಿಕೆ. ಡಾಕ್ಟರ ನಂಬಿಕೆ, ಯಾರು ಕೇಳಬೇಕು.

"ಅಮ್ಮ, ನಾನು ಹೋಗ್ತೀನಿ."

"ಎಲ್ಲಿಗೆ?"

"ಊರಿಗೆ. ಚೀಲ ತುಂಬಿ ಆಯಿತು. ನಾನು ಇವತ್ತು ಮಾಡಿದ್ದು ಡಾಕ್ಟರು ಮಾಡೋ ಕೆಲಸ ಅಲ್ಲ."

"ಅಲ್ಲ" ಎಂದರು ಗೌರಾಂಬ.

"ಅದೂ ಅಲ್ದೆ ನನಗೆ ಇಲ್ಲಿ ಜಾಗವೂ ಇಲ್ಲ. ನನಗೆ ಬರ್ತಿದ್ದ ಕೆಲಸ ಒಂದೇ. ಅದನ್ನ ಅದು ನನಗಿಂತ ಚೆನ್ನಾಗಿ ಮಾಡುತ್ತೆ."

"ನಿನಗಿಂತ ಚೆನ್ನಾಗೇನೂ ಮಾಡಲ್ಲ. ನೀನು ಹಿಡಿದಾಗ ನಾನು ಬಾಯಿ ಬಿಡಬೇಕಾಗಿರಲಿಲ್ಲ. ಇದರ ಜೊತೆ ಮಾತಾಡಿ ಮಾತಾಡಿ ಗಂಟಲು ಒಣಗಿತು."

"ಹಾಗಾದ್ರೆ ಅದನ್ನ ಯಾಕೆ ಇಟ್ಕೊಂಡ್ರಿ?"

ಗೌರಾಂಬ ಕಾಲನ್ನು ನೀರಿನಿಂದ ಮೇಲೆ ತೆಗೆದರು. ಸೆರಗಲ್ಲಿ ಕಾಲು ಒರೆಸಿಕೊಂಡು ಎದ್ದು, "ಬಾ" ಎಂದರು.

ಆಪರೇಷನ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೌರಾಂಬ ಯಂತ್ರದ ಗುಂಡಿ ಒತ್ತಿದರು. ಸಣ್ಣ ಹಸಿರು ದೀಪ ಹತ್ತಿತು. ಅದರ ಮುಂದೆ ತಬಸ್ಸುಮ್‌ಳನ್ನು ತಂದು ನಿಲ್ಲಿಸಿದರು.

"ಹತ್ತಿರ ಅನ್ನು."

"ಯಾಕಮ್ಮ?"

"ಯಾಕಮ್ಮ ಅಲ್ಲ, ಹತ್ತಿರ ಅನ್ನು."

"ಹತ್ತಿರ" ಎಂದಳು. ಯಂತ್ರ ಒಂದು ಸಲ ಕುಂಯ್ ಎಂದು ಅದನ್ನು ಒಳಗಿಟ್ಟುಕೊಂಡಿತು.

"ದೂರ ಅನ್ನು."

"ದೂರ."

ಮೇಲೆ, ಕೆಳಗೆ, ಎಡ, ಬಲ. ಒಂದೊಂದನ್ನೂ ಅವರು ಹೇಳಿಸಿದರು, ಯಂತ್ರ ಒಂದೊಂದನ್ನೂ ಇಟ್ಟುಕೊಂಡಿತು. ನಿಲ್ಲು ಎಂಬ ಮಾತಿಗೆ ಬಂದಾಗ ಅವಳ ದನಿ ಒಡೆಯಿತು.

"ಇದು ಬೇಡ, ಇನ್ನೊಂದು ಸಲ. ಅಳುವ ದನಿ ಇಟ್ಟುಕೊಂಡರೆ ಆಮೇಲೆ ನೀನು ಅತ್ತಾಗ ಮಾತ್ರ ನಿಲ್ಲುತ್ತೆ ಇದು" ಎಂದರು ಗೌರಾಂಬ.

ಅವಳು ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು.

"ಅಮ್ಮ, ಇದಕ್ಕೆ ನನ್ನ ದನಿ ಯಾಕೆ?"

"ಆಪರೇಷನ್ ಯಾರು ಮಾಡ್ತಾರೋ ಅವರ ದನಿ ಬೇಕಲ್ಲ."

ತಬಸ್ಸುಮ್ ಯಂತ್ರವನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

"ಆ ಶಿವನಂಜಪ್ಪನವರಿಗೆ ಇದನ್ನ ಯಾಕೆ ಹೇಳಲಿಲ್ಲ ನೀವು? ನನಗಾದರೂ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ನೀನು ಪೂರ್ತಿ ಮಾಡಬಲ್ಲೆ ಅಂತ ನನಗೇ ಇನ್ನೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನೋಡಿದ ಮೇಲಂತೂ ಭಯವೇ ಆಯಿತು" ಎಂದರು ಗೌರಾಂಬ. "ಚೀಲ ಬಿಚ್ಚಬೇಡ. ತುಂಬಿದ್ದು ತುಂಬಿದ ಹಾಗೇ ಇರಲಿ. ಒಂದು ಆಪರೇಷನ್ ಮಾಡು. ಆಮೇಲೆ ಬಿಚ್ಚಬೇಕೋ ಎತ್ತಬೇಕೋ ನೋಡೋಣ."

ಅಲ್ಲಿಂದ ಮುಂದೆ ಪ್ರತಿ ಸಂಜೆ ರಟ್ಟಿನ ಡಬ್ಬಿಯೊಳಗೆ ಮೂಸಂಬಿ ಇಟ್ಟುಕೊಂಡು ಅಭ್ಯಾಸ. ಯಂತ್ರ ಕ್ಯಾಮೆರಾ ಹಿಡಿಯುತ್ತಿತ್ತು, ಅವಳು ಸಿಪ್ಪೆ ಬಿಡಿಸುತ್ತಿದ್ದಳು. ಮೊದಮೊದಲು ಸುಮ್ಮನೆ ನಿಂತುಬಿಡುತ್ತಿದ್ದಳು. ಕತ್ತರಿ ಸರಿಸಿ, ಚಿತ್ರ ತಾನಾಗಿ ಹಿಂದೆ ಬರುತ್ತದೆಂದು ಕಾಯುತ್ತಿದ್ದಳು. ಬರುತ್ತಿರಲಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕಾಗಿತ್ತು. ಕೇಳಬೇಕಾದರೆ ಏನು ಬೇಕು ಎಂದು ತನಗೆ ಗೊತ್ತಿರಬೇಕಾಗಿತ್ತು.

ಮೂರು ವರ್ಷ ಅಮ್ಮ ನೋಡಬೇಕೆಂದದ್ದನ್ನೇ ತೋರಿಸಿದ್ದಳು. ತಾನೇನು ನೋಡಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಹಣ್ಣಿನ ರಸ ಡಬ್ಬಿಯ ತುಂಬ ಸೋರುತ್ತಿತ್ತು. ಸಿಸ್ಟರ್ ಲೂರ್ದು ಮೇರಿ ಗೊಣಗುತ್ತ ಒರೆಸುತ್ತಿದ್ದರು.

ಮೊದಲ ರೋಗಿಯಾಗಿ ಸಿಕ್ಕವನು ಆಶ್ರಮದ ಅಡುಗೆಯ ಜವರಯ್ಯ. ಪಿತ್ತಕೋಶದಲ್ಲಿ ಕಲ್ಲು. ಊರಿಗೆಲ್ಲ ಒಗ್ಗರಣೆ ಹಾಕುವವನು ತಾನು ಮಾತ್ರ ಎಷ್ಟೋ ದಿನದಿಂದ ಸಪ್ಪೆ ಗಂಜಿ ಕುಡಿದುಕೊಂಡಿದ್ದ. ಎಣ್ಣೆಯ ಪದಾರ್ಥ ಮುಟ್ಟಿದರೆ ಪಕ್ಕೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತಿದ್ದ.

ತಬಸ್ಸುಮ್ ಅವನ ಮಂಚದ ಪಕ್ಕ ಹೋಗಿ ನಿಂತಳು.

"ಜವರಯ್ಯ, ನಾಳೆ ನಿಮ್ಮ ಆಪರೇಷನ್ ಮಾಡೋದು ನಾನು. ಅಮ್ಮ ಜೊತೇಲೇ ಇರ್ತಾರೆ. ಪೂರ್ತಿ ನಾನೇ ಮಾಡ್ತಿರೋದು ಇದೇ ಮೊದಲು. ಬೇಡ ಅಂದ್ರೆ ಅಮ್ಮನೇ ಮಾಡ್ತಾರೆ."

ಜವರಯ್ಯ ಮಂಚದ ಮೇಲೆ ಎದ್ದು ಕೂತ.

"ನೀವೇ ಮಾಡಿ ತಾಯಿ. ನಾನೂ ಮೊದಲ ಸಲ ನೂರು ಜನಕ್ಕೆ ಅನ್ನ ಮಾಡ್ದಾಗ ಯಾರೋ ಒಬ್ರು ತಿಂದ್ರಲ್ಲ" ಎಂದ. "ಒಂದು ಸ್ವಲ್ಪ ಹುಷಾರಾಗಿ ಮಾಡಿ, ಅಷ್ಟೇ."

ಆ ಬೆಳಿಗ್ಗೆ ಕೋಣೆಯಲ್ಲಿ ಎಲ್ಲರೂ ಎಂದಿನಂತೆಯೇ ಇದ್ದರು, ಜಾಗ ಮಾತ್ರ ಬದಲಾಗಿತ್ತು. ಗೌರಾಂಬರ ಜಾಗದಲ್ಲಿ ತಬಸ್ಸುಮ್. ತಬಸ್ಸುಮ್ ಜಾಗದಲ್ಲಿ ಯಂತ್ರ. ಎದುರಿಗೆ ಗೌರಾಂಬ, ಒಂದು ಇಕ್ಕಳದಿಂದ ಪಿತ್ತಕೋಶವನ್ನು ಮೇಲಕ್ಕೆತ್ತಿ ಕೊಡಲು. ತೋಳನ್ನು ಮೇಜಿಗೆ ಒರಗಿಸಿಕೊಂಡಿದ್ದರು, ನಡುಗದಿರಲೆಂದು. ಬಾಗಿಲ ಗಾಜಿನಾಚೆ ಶಿವನಂಜಪ್ಪ ನಿಂತಿದ್ದರು. ಕಮಿಟಿಗೆ ಹೇಳಬೇಕಲ್ಲ, ಕಣ್ಣಾರೆ ನೋಡಲು ಬಂದಿದ್ದರು.

"ಹತ್ತಿರ" ಎಂದಳು ತಬಸ್ಸುಮ್.

ಯಂತ್ರ ಅವಳ ಮಾತು ಕೇಳಿತು.

ಕೆಲಸ ಚೆನ್ನಾಗಿ ಸಾಗಿತು. ಪಿತ್ತಕೋಶದ ಬುಡದಲ್ಲಿ ಒಂದು ಸಣ್ಣ ನಾಳ ಇರುತ್ತದೆ. ಅದಕ್ಕೆ ಕ್ಲಿಪ್ ಹಾಕಿ ಕತ್ತರಿಸಿದರೆ ಪಿತ್ತಕೋಶ ಬಿಡಿಸಿಕೊಂಡು ಬರುತ್ತದೆ. ಅದರ ಪಕ್ಕದಲ್ಲೇ ಲಿವರಿನಿಂದ ಇಳಿದುಬರುವ ದೊಡ್ಡ ನಾಳ. ಇದೆಂದುಕೊಂಡು ಅದನ್ನು ಕತ್ತರಿಸಿದರೆ ರೋಗಿಯ ಬಾಳೇ ಹೋಯಿತು. ಹೊಟ್ಟೆ ಕುಯ್ಯುವವರೆಲ್ಲ ಹೆದರುವುದು ಈ ಒಂದು ಜಾಗಕ್ಕೆ.

ತಬಸ್ಸುಮ್ ಆ ಜಾಗಕ್ಕೆ ಬಂದಳು. ಜವರಯ್ಯನ ಪಿತ್ತಕೋಶ ಬಾತು, ಸುತ್ತಲಿನದಕ್ಕೆಲ್ಲ ಅಂಟಿಕೊಂಡಿತ್ತು.

"ಹತ್ತಿರ. ಇನ್ನೂ ಹತ್ತಿರ. ನಿಲ್ಲು."

ಪರದೆಯ ತುಂಬ ಒಂದು ನಾಳ. ನುಣ್ಣಗೆ, ನೆಟ್ಟಗೆ, ಸ್ವಚ್ಛವಾಗಿ ಕಾಣುತ್ತಿತ್ತು. ಅನುಮಾನಪಡಲು ಏನೂ ಇರಲಿಲ್ಲ.

"ಕ್ಲಿಪ್" ಎಂದಳು. ಸಿಸ್ಟರ್ ಲೂರ್ದು ಮೇರಿ ಕ್ಲಿಪ್ಪಿನ ಸಲಕರಣೆ ಕೈಗಿಟ್ಟರು.

ಅದರ ಬಾಯಿ ನಾಳದ ಹತ್ತಿರ ಹೋಯಿತು.

ತಬಸ್ಸುಮ್ ಗೌರಾಂಬರ ಕಡೆ ನೋಡಿದಳು. ಮಾಸ್ಕಿನ ಮೇಲೆ ಎರಡು ಕಣ್ಣು, ಪರದೆಯ ಮೇಲೇ ನೆಟ್ಟಿದ್ದವು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಯಂತ್ರದ ಕಡೆ ನೋಡಿದಳು. ಅದು ನಿಲ್ಲು ಅಂದ ಜಾಗದಲ್ಲಿ ನಿಂತಿತ್ತು.

ಕೇಳಲು ಯಾರೂ ಇಲ್ಲ ಎಂದು ಅವಳಿಗೆ ಆಗ ಅನ್ನಿಸಿತು.

"ದೂರ" ಎಂದಳು.

ಯಂತ್ರ ಹಿಂದೆ ಸರಿಯಿತು.

"ಇನ್ನೂ ದೂರ. ಬಲ. ನಿಲ್ಲು."

ಈಗ ಲಿವರಿನ ಅಂಚು ಕಂಡಿತು, ಕರುಳು ಕಂಡಿತು, ಪಿತ್ತಕೋಶ ಪೂರ್ತಿ ಕಂಡಿತು. ಹತ್ತಿರದಿಂದ ಅಷ್ಟು ನೆಟ್ಟಗಿದ್ದ ನಾಳ ದೂರದಿಂದ ನೋಡಿದರೆ ಪಿತ್ತಕೋಶಕ್ಕೆ ಹೋಗುತ್ತಿದೆಯೋ, ಅದನ್ನು ಸವರಿಕೊಂಡು ಮೇಲಕ್ಕೆ ಹೋಗುತ್ತಿದೆಯೋ, ಹೇಳುವಂತಿರಲಿಲ್ಲ.

ಅವಳು ಕ್ಲಿಪ್ಪನ್ನು ಹೊರಗೆ ತೆಗೆದಳು.

"ಅಮ್ಮ, ಇದು ಯಾವ ನಾಳ ಅಂತ ನನಗೆ ಗೊತ್ತಾಗ್ತಿಲ್ಲ. ಕ್ಲಿಪ್ ಹಾಕಲ್ಲ."

ಗೌರಾಂಬ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟರು. ಅದು ಕೋಣೆಗೆಲ್ಲ ಕೇಳಿಸಿತು.

"ಸರಿ. ಈಗೇನು ಮಾಡ್ತೀಯ?"

"ಮೇಲಿನ ತುದಿಯಿಂದ ಬಿಡಿಸಿಕೊಂಡು ಕೆಳಗೆ ಬರ್ತೀನಿ. ಆಗ ಯಾವುದು ಯಾವುದು ಅಂತ ತಾನಾಗೇ ಕಾಣಬಹುದು. ಆಗಲೂ ಕಾಣದಿದ್ದರೆ ಹೊಟ್ಟೆ ತೆರೆದು ನೋಡೋಣ."

"ಜವರಯ್ಯನಿಗೆ ದೊಡ್ಡ ಗಾಯ ಆಗುತ್ತೆ."

"ಆಗಲಿ ಅಮ್ಮ. ಗಾಯ ವಾಸಿಯಾಗುತ್ತೆ."

"ಹಾಗೇ ಮಾಡು" ಎಂದರು ಗೌರಾಂಬ.

ಬಹಳ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ. ಸ್ವಲ್ಪ ಬಿಡಿಸುವುದು, ದೂರ ಎನ್ನುವುದು, ನೋಡುವುದು, ಮತ್ತೆ ಹತ್ತಿರ ಎನ್ನುವುದು. ಗಾಜಿಗೆ ಮಂಜು ಕೂತಾಗ ಸಿಸ್ಟರ್ ಲೂರ್ದು ಮೇರಿ ಒರೆಸಿಕೊಟ್ಟರು, ಯಾರೂ ಕೇಳುವ ಮೊದಲೇ. ಕೊನೆಗೆ ಪಿತ್ತಕೋಶ ಸುತ್ತಲಿಂದೆಲ್ಲ ಬಿಡಿಸಿಕೊಂಡು ಒಂದು ಸಣ್ಣ ದಂಟಿನ ಮೇಲೆ ನಿಂತಿತು. ಕ್ಲಿಪ್ ಹಾಕಬೇಕಾದ ನಾಳ ಬೇರೆಯೇ ಇತ್ತು. ಸಣ್ಣದು, ಅಂಟಿನ ಹಿಂದೆ ಅಡಗಿಕೊಂಡಿತ್ತು. ಮೊದಲು ಪರದೆಯ ತುಂಬ ಕಂಡದ್ದು ದೊಡ್ಡ ನಾಳ.

ತಬಸ್ಸುಮ್ ಕತ್ತರಿಯನ್ನು ಹಿಂದಕ್ಕೆ ಎಳೆದುಕೊಂಡಳು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಣ್ಣು ತೆರೆದು, "ಕ್ಲಿಪ್" ಎಂದಳು.

ಹೊಟ್ಟೆ ತೆರೆಯುವ ಅಗತ್ಯ ಬೀಳಲಿಲ್ಲ.

ಜವರಯ್ಯನಿಗೆ ಮಧ್ಯಾಹ್ನ ಪೂರ್ತಿ ಎಚ್ಚರವಾಯಿತು. ಅವನ ಮೊದಲ ಮಾತು, "ಇವತ್ತು ಸಾರಿಗೆ ಯಾರು ಉಪ್ಪು ಹಾಕಿದ್ರು? ವಾಸನೆಯಲ್ಲೇ ಗೊತ್ತಾಗ್ತಿದೆ, ಕಮ್ಮಿ ಆಗಿದೆ." ತಬಸ್ಸುಮ್ ಅವನ ಮಂಚದ ಕಂಬಿ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು.

ಆದರೆ ಹೊರಗೆ ಶಿವನಂಜಪ್ಪ ಕಾಯುತ್ತಿದ್ದರು. ಗೌರಾಂಬ ಕಾಫಿ ಕುಡಿಯುತ್ತ ಬೆಂಚಿನ ಮೇಲೆ ಕೂತಿದ್ದರು.

"ಡಾಕ್ಟರಮ್ಮ, ನಾನು ತಿಳಿದವನಲ್ಲ. ಆದರೂ ನೋಡಿದ್ದು ಹೇಳ್ತೀನಿ. ಈ ಹುಡುಗಿ ಮಧ್ಯದಲ್ಲಿ 'ಗೊತ್ತಾಗ್ತಿಲ್ಲ' ಅಂತ ನಿಂತುಬಿಟ್ಟಳು. ಹೊರಗೂ ಕೇಳಿಸಿತು. ಹೀಗಿರೋವಾಗ ಕಮಿಟಿಗೆ ನಾನು ಏನಂತ ಹೇಳಲಿ?"

ತಬಸ್ಸುಮ್ ಬಾಗಿಲಲ್ಲೇ ನಿಂತಳು. ಅವಳ ಚೀಲ ಇನ್ನೂ ಬಿಚ್ಚಿರಲಿಲ್ಲ.

"ಅದನ್ನೇ ಹೇಳಿ. ಆ ಯಂತ್ರ ಬಂದು ಇಷ್ಟು ದಿನ ಆಯಿತು, ನಾನು ಏನು ಹೇಳಿದರೂ ಮಾಡಿದೆ. ಒಂದು ಸಲವಾದರೂ ಗೊತ್ತಾಗ್ತಿಲ್ಲ ಅಂತ ನಿಂತಿಲ್ಲ" ಎಂದರು ಗೌರಾಂಬ. "ಇವಳು ನಿಂತಳು. ನಿಲ್ಲದಿದ್ದರೆ ಜವರಯ್ಯ ಇನ್ನು ಸಾರಿನ ಉಪ್ಪು ನೋಡ್ತಿರಲಿಲ್ಲ."

ಶಿವನಂಜಪ್ಪ ಕಿಟಕಿಯಿಂದ ಒಳಗೆ ಇಣುಕಿ ನೋಡಿದರು. ಜವರಯ್ಯನ ಸಾರು ಅವರಿಗೂ ಬೇಕಾಗಿತ್ತು.

"ಆದರೆ ಒಂದು ಜಾಗ ಉಳಿಯುತ್ತೆ ಅಂದಿದ್ರಲ್ಲ" ಎಂದರು.

"ಜಾಗ ಉಳಿಯುತ್ತೆ ಅಂದವರು ನೀವು. ಕ್ಯಾಮೆರಾ ಹಿಡಿಯೋಕೆ ಡಾಕ್ಟರು ಬೇಡ ಅಂತ ಮಾತ್ರ ನಾನಂದದ್ದು. ಇಷ್ಟು ವರ್ಷ ಇಬ್ಬರು ಡಾಕ್ಟರು ಒಂದು ಮೇಜು. ಒಬ್ಬರು ಕುಯ್ಯೋದು, ಇನ್ನೊಬ್ಬರು ಹಿಡಿದುಕೊಂಡು ನಿಲ್ಲೋದು. ಈಗ ಹಿಡಿದುಕೊಂಡು ನಿಲ್ಲೋದಕ್ಕೆ ಇದು ಬಂತು. ಇಬ್ಬರು ಡಾಕ್ಟರಿಗೆ ಎರಡು ಮೇಜು ಬೇಕಾಯಿತು. ಕಂಬಳಿ, ಮಂಚ ಎಲ್ಲ ತೆಗೆಸಿ, ಎರಡನೇ ಕೋಣೆ ತೊಳೆಸಿಕೊಡಿ. ಹಾಗೇ ಇಕ್ಕಳ ಎತ್ತಿ ಹಿಡಿಯೋಕೆ ಇನ್ನೊಬ್ಬ ನರ್ಸು ನೋಡಿ."

"ಒಬ್ಬರನ್ನ ಕಳಿಸೋಣ ಅಂತ ನಾನು ಬಂದರೆ ನೀವು ಇನ್ನೊಬ್ಬರನ್ನ ಸೇರಿಸಿ ಅಂತೀರಿ."

"ಹೌದು."

ಶಿವನಂಜಪ್ಪ ಹೊಂಗೆಮರದ ಕಡೆ ನೋಡಿದರು. ಅಲ್ಲಿ ಕೂತಿದ್ದ ಜನ ಇವರನ್ನೇ ನೋಡುತ್ತಿದ್ದರು. ಅವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಸರಿ, ಕಮಿಟಿಗೆ ನಾನು ಹೇಳ್ತೀನಿ. ಬೈದರೆ ನಿಮ್ಮ ಹೆಸರು ಹೇಳ್ತೀನಿ" ಎಂದು, ಬೀಗದ ಕೈ ತರಲು ಹೋದರು.

ತಬಸ್ಸುಮ್ ಬಂದು ಬೆಂಚಿನ ತುದಿಯಲ್ಲಿ ಕೂತಳು. ಗೌರಾಂಬ ತಮ್ಮ ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಅವಳಿಗೆ ಕೊಟ್ಟರು.

"ಅಮ್ಮ, ಅದು ದೊಡ್ಡ ನಾಳ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಅನುಮಾನ ಇತ್ತು."

"ನಾನು ಕ್ಲಿಪ್ ಹಾಕಿಬಿಟ್ಟಿದ್ದರೆ?"

"ಹಾಕೋಕೆ ಬಿಡ್ತಿದ್ದೆನಾ? ಕೈ ಹಿಡಿದುಬಿಡ್ತಿದ್ದೆ. ಆಮೇಲೆ ನಿನ್ನ ಚೀಲ ನಾನೇ ಎತ್ತಿಕೊಂಡು ಬಸ್ಸಿನ ತನಕ ಬರ್ತಿದ್ದೆ."

ಅವಳು ನಕ್ಕಳು. ಕಾಫಿ ತಣ್ಣಗಾಗಿತ್ತು, ಆದರೂ ಕುಡಿದಳು.

"ನಾಳೆಯಿಂದ ಯಂತ್ರ ಇರೋ ಕೋಣೆ ನಿನ್ನದು" ಎಂದರು ಗೌರಾಂಬ. "ಪಕ್ಕದ ಕೋಣೆ ನನಗೆ. ಗಂಟು, ಕುರು, ಗಾಯದ ಹೊಲಿಗೆ, ಸೂಜಿ ಹಾಕಿ ಮರಗಟ್ಟಿಸಿ ಮಾಡುವಂಥವು. ಸ್ಟೂಲಿನ ಮೇಲೆ ಕೂತು ಮಾಡ್ತೀನಿ. ನಿಂತೂ ನಿಂತೂ ಸಾಕಾಯಿತು ನನಗೆ."

ತಬಸ್ಸುಮ್ ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟಳು. ಉಳಿದುಕೊಂಡೆನಲ್ಲ ಎಂಬ ಸಂತೋಷ, ಎದುರಿಗೆ ಇನ್ನು ಅಮ್ಮ ಇರುವುದಿಲ್ಲವಲ್ಲ ಎಂಬ ದಿಗಿಲು, ಎರಡೂ ಒಟ್ಟಿಗೆ ಬಂದವು.

"ಇವತ್ತಿನ ಹಾಗೆ ಮತ್ತೆ ಗೊತ್ತಾಗದಿದ್ದರೆ ಏನು ಮಾಡಲಿ ಅಮ್ಮ?"

ಗೌರಾಂಬ ಬೆಂಚಿಗೆ ಕೈಯೂರಿ ಎದ್ದರು.

"ಕರಿ. ಗೋಡೆಯ ಆಚೆಗೇ ಇರ್ತೀನಿ. ನನಗೆ ಗೊತ್ತಾಗದಿದ್ದರೆ ನಾನೂ ನಿನ್ನನ್ನ ಕರೀತೀನಿ."